ಬೆನ್ನು ಹಚ್ಚಿ ಮಲಗದ ತಾತ

ಮೊನ್ನೆ ನಾನು ಆಟ ಕಲಿಸುವ ಶಾಲೆಯಲ್ಲಿ ಜೂಡೋ ಕಲಿಯುವ ಹುಡುಗಿಯರಿಗೆ ಚಾಪೆ ಸಾಲಲಿಲ್ಲ. ಇಪ್ಪತ್ತು ಜನಕ್ಕೆ ಆರು ಚಾಪೆ. ಉಳಿದವರು ಎಲ್ಲಿ ಉರುಳಬೇಕು? ಸಿ. ಬೆಳಗಲ್ ಊರ ಕಡೆಯಿಂದ ಬಂದು ಹಾಸ್ಟೆಲಿನಲ್ಲಿರುವ ಎಂಟನೆಯ ತರಗತಿಯವಳೊಬ್ಬಳು ಓಡಿಹೋಗಿ ತಾನು ಹೊದೆಯುವ ಕರಿ ಕಂಬಳಿಯನ್ನೇ ತಂದು ನೆಲಕ್ಕೆ ಹಾಸಿದಳು. ಹೊಸ ಕಂಬಳಿ. ನೇಯುವವರು ಹಚ್ಚಿದ ಹುಣಸೆ ಬೀಜದ ಗಂಜಿ ಇನ್ನೂ ಬಿಟ್ಟಿರಲಿಲ್ಲ, ಹಲಗೆಯ ಹಾಗೆ ಸೆಟೆದುಕೊಂಡಿತ್ತು. ಇಬ್ಬರು ಹತ್ತು ನಿಮಿಷ ಅದರ ಮೇಲೆ ಹೊರಳಾಡಿ ಬೆವರು ಇಳಿಸಿದ್ದೇ ತಡ, ಆ ಗಂಜಿ ನೆನೆದು ವಾಸನೆ ಬಿಟ್ಟಿತು ನೋಡಿ. ಉಣ್ಣೆಯ ಜಿಡ್ಡು, ಹುಳಿಯಾದ ಗಂಜಿ, ಮೇಲೆ ಮನುಷ್ಯರ ಬೆವರು. ಬಾಯಲ್ಲಿದ್ದ ಸೀಟಿ ಊದುವುದನ್ನೇ ಮರೆತು ನಿಂತುಬಿಟ್ಟೆ. ಕೆಳಗೆ ಸಿಕ್ಕಿಬಿದ್ದವಳು, “ಮೇಡಂ, ಟೈಮ್ ಅಯಿಪೋಯಿಂದಿ ಮೇಡಂ,” ಟೈಮ್ ಮುಗಿಯಿತು ಎಂದು ಮೂರು ಸಲ ಕೂಗಿದಳಂತೆ. ನಾನು ಆಗ ಅಲ್ಲಿರಲಿಲ್ಲ. ಇಪ್ಪತ್ತು ವರ್ಷ ಹಿಂದಕ್ಕೆ, ಆದವಾನಿಯ ಬೆಟ್ಟದ ಬುಡದ ನಮ್ಮ ಓಣಿಯ ಹಿತ್ತಲಿನಲ್ಲಿ, ಅಂಥದ್ದೇ ಕಂಬಳಿಯ ಮೇಲೆ ಅಂಗಾತ ಬಿದ್ದಿದ್ದೆ. ಎದೆಯ ಮೇಲೆ ನಮ್ಮ ಈರತ್ತೆ ಕೂತಿದ್ದಳು.

ಆ ಮನೆ ಈಗಿಲ್ಲ. ಹತ್ತಿ ಮಿಲ್ಲಿನ ಹಿಂಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ಕಲ್ಲಿನ ಮನೆ ಅದು. ಹತ್ತಿಯ ಕಾಲದಲ್ಲಿ ಗಾಳಿಯಲ್ಲೆಲ್ಲ ಅರಳೆ. ಮೊಸರಿನ ಗಡಿಗೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ತಾತನ ಮೀಸೆಯ ಮೇಲೆ. ತಾತ ಮಿಲ್ಲಿನಲ್ಲಿ ಹಮಾಲಿಯಾಗಿದ್ದವನು, ಒತ್ತಿ ಕಟ್ಟಿದ ಹತ್ತಿಯ ಬೇಲುಗಳನ್ನು ಲಾರಿಗೆ ಏರಿಸಿ ಏರಿಸಿ ಹೆಗಲು ಗಟ್ಟಿಯಾಗಿದ್ದವನು. ಆದರೆ ಊರಿಗೆ ಅವನು ಹಮಾಲಿಯಲ್ಲ, ಪೈಲ್ವಾನ. ಓಣಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಅವನ ಗರಡಿಯಿತ್ತು. ಅಲ್ಲಿ ಕಲಿತವರು ಹಿಂದೂಗಳಾಗಲಿ ಸಾಬರಾಗಲಿ, ಬಜಾರಿನಲ್ಲಿ ಕಂಡರೆ ಸೈಕಲ್ಲಿಳಿದು “ಸಲಾಂ ಉಸ್ತಾದ್” ಅನ್ನುತ್ತಿದ್ದರು. ನಾನು ಹುಟ್ಟುವ ಹೊತ್ತಿಗೆ ಗರಡಿಗೆ ಹುಡುಗರು ಬರುವುದು ನಿಂತಿತ್ತು. ಕಲಿಸುವ ಚಟ ತಾತನಿಗೆ ನಿಲ್ಲಲಿಲ್ಲ. ಹೆಣ್ಣುಮಕ್ಕಳು ಗರಡಿಯ ಮಣ್ಣು ತುಳಿಯಬಾರದು ಅನ್ನುವುದು ಅವನದೇ ಕಟ್ಟಳೆ. ಅದನ್ನು ಮುರಿಯಲಾರದೆ, ಗರಡಿಯ ಕೆಮ್ಮಣ್ಣನ್ನೇ ನಾಲ್ಕು ಬುಟ್ಟಿ ಹೊತ್ತು ತಂದು ಹಿತ್ತಲಿಗೆ ಸುರಿದ. ಅದಕ್ಕೆ ಮಜ್ಜಿಗೆ, ಅರಿಶಿನ, ಎಣ್ಣೆ ಬೆರೆಸಿ ಕಾಲಲ್ಲಿ ಕಲಸಿದ. “ಈಗ ಇದು ಹಿತ್ಲ. ಗರಡಿ ಅಲ್ಲ,” ಅಂದು ನನ್ನನ್ನು ಇಳಿಸಿದ. ನನಗಾಗ ಎಂಟು ವರ್ಷ.

ತಾತ ಕಲಿಸಿದ್ದೆಲ್ಲ ನಿಂತು ಆಡುವ ಪಟ್ಟು, ಮೇಲಿನಿಂದ ಹಿಡಿಯುವ ಪಟ್ಟು. ಕೆಳಗೆ ಬಿದ್ದರೆ ಏನು ಮಾಡಬೇಕು ಎಂದು ಕೇಳಿದರೆ ಅವನ ಮುಖ ಕಹಿಯಾಗುತ್ತಿತ್ತು. “ಬೆನ್ನು ಮಣ್ಣಿಗೆ ಹತ್ತಿದ್ರ ಕುಸ್ತಿ ಮುಗೀತು. ಎದ್ದು ಗೆದ್ದೋರಿಗೆ ಕೈ ಕೊಡಬೇಕು, ಮಣ್ಣು ಹಣಿಗೆ ಹಚ್ಕೋಬೇಕು. ಅದು ಮರ್ಯಾದಿ,” ಅನ್ನುತ್ತಿದ್ದ. ಈ ಮರ್ಯಾದೆಯನ್ನು ಅವನು ಎಷ್ಟು ದೂರ ಒಯ್ದಿದ್ದನೆಂದರೆ ನಿದ್ದೆಯಲ್ಲೂ ಬೆನ್ನನ್ನು ನೆಲಕ್ಕೆ ಹಚ್ಚುತ್ತಿರಲಿಲ್ಲ. ಮಧ್ಯಾಹ್ನ ಪಡಸಾಲೆಯಲ್ಲಿ ಬಲ ಮಗ್ಗುಲಿಗೆ ಒಂದು ತಾಸು, ಎಡ ಮಗ್ಗುಲಿಗೆ ಒಂದು ತಾಸು. ಜ್ವರ ಬಂದು ಮೈಮೇಲೆ ಎಚ್ಚರವಿಲ್ಲದಾಗಲೂ ಗೋಡೆಗೆ ಒರಗಿ ಮಗ್ಗುಲಾಗಿಯೇ ಇದ್ದ. ನಾವು ಮಕ್ಕಳು ಕದ್ದು ನೋಡಿ ನಗುತ್ತಿದ್ದೆವು, ಹೊರಗಿನವರು ಹೇಳಿಕೊಂಡು ಮೆಚ್ಚುತ್ತಿದ್ದರು.

ಹೈಸ್ಕೂಲಿಗೆ ಹೋದಾಗ ನಮ್ಮ ಆಟ ಕಲಿಸುವ ಪಿ.ಇ.ಟಿ. ಮೇಡಂ ನನ್ನ ಹೆಗಲು ಮುಟ್ಟಿ ನೋಡಿ ಜೂಡೋಗೆ ಹಾಕಿದರು. ಎರಡು ತಿಂಗಳಲ್ಲಿ ಕರ್ನೂಲಿನಲ್ಲಿ ಜಿಲ್ಲೆಯ ಆಯ್ಕೆ. ಒಂದೊಂದು ತೂಕಕ್ಕೆ ಒಬ್ಬಳೇ. ನನ್ನ ಎದುರಿಗೆ ಎಮ್ಮಿಗನೂರಿನ ರೇಣುಕಾ, ನನ್ನದೇ ತೂಕ ಅಂತ ಚೀಟಿಯಲ್ಲಿತ್ತು, ನೋಡಿದರೆ ನನ್ನಂಥ ಒಂದೂವರೆ ಜನರಷ್ಟಿದ್ದಳು. ಅವಳು ನನ್ನ ಕಾಲಿಗೆ ಕಾಲು ಹಾಕಿ ಮೆಲ್ಲಗೆ ಕೆಡವಿದಳು. ಅದು ಪೂರ್ತಿ ಪಾಯಿಂಟು ಕೊಡುವಂಥ ಏಟಲ್ಲ. ಜೂಡೋದಲ್ಲಿ ಹಾಗೆ ಬಿದ್ದವಳು ಸೋತಂತಲ್ಲ, ಮೇಲಿದ್ದವಳು ಇಪ್ಪತ್ತೈದು ಸೆಕೆಂಡು ಅದುಮಿ ಹಿಡಿದರೆ ಮಾತ್ರ ಸೋಲು. ಮೇಡಂ ಅದನ್ನು ಹತ್ತು ಸಲ ಹೇಳಿದ್ದರು. ಆದರೆ ಬೆನ್ನಿಗೆ ಚಾಪೆ ತಗುಲಿದ ಗಳಿಗೆಯಲ್ಲಿ ನನ್ನ ಮೈ ತಾತನ ಮಾತನ್ನೇ ಕೇಳಿತು. ಕುಸ್ತಿ ಮುಗಿಯಿತು ಅಂದುಕೊಂಡು ಕೈಕಾಲು ಸಡಿಲ ಬಿಟ್ಟೆ. ಇವಳು ಏಳಲಿ, ಕೈ ಕೊಡೋಣ ಎಂದು ಕಾಯುತ್ತ ಮಲಗಿದೆ. ಅವಳು ಏಳುವುದಿಲ್ಲ. ಸುಸ್ತಾಗಿರಬೇಕು ಪಾಪ ಎಂದು ಬೆನ್ನು ಕೂಡ ತಟ್ಟಿದೆ. ಆಚೆಯಿಂದ ಮೇಡಂ “ಲೇಯ್, ಲೇಯ್, ಇಂಕಾ ಅಯಿಪೋಲೇದೇ,” ಏಳೇ, ಇನ್ನೂ ಮುಗಿದಿಲ್ಲ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಅದು ಇನ್ಯಾರಿಗೋ ಅಂದುಕೊಂಡೆ. ಇಪ್ಪತ್ತೈದು ಸೆಕೆಂಡೂ ಮರ್ಯಾದೆಯಿಂದ ಮಲಗಿ, ಗಂಟೆಯಾದ ಮೇಲೆ ಎದ್ದು, ಅವಳಿಗೆ ಕೈ ಕೊಟ್ಟು, ಇಲ್ಲದ ಮಣ್ಣನ್ನು ಚಾಪೆಯಿಂದ ಮುಟ್ಟಿ ಹಣೆಗೆ ಹಚ್ಚಿಕೊಂಡೆ. ಆ ಸಭಾಂಗಣವೆಲ್ಲ ನಕ್ಕಿತು.

ನಗು ನನ್ನನ್ನು ಸುಡಲಿಲ್ಲ, ತಾತ ಸುಟ್ಟ. ಸೋತೆ ಅಂದಾಗ ಅವನು ಸಿಟ್ಟಾಗಲಿಲ್ಲ. ಆದರೆ ಸಂಗಡ ಬಂದಿದ್ದ ಹುಡುಗಿಯರು ಇಪ್ಪತ್ತೈದು ಸೆಕೆಂಡಿನ ಕಥೆಯನ್ನು ಕೈಬಾಯಿ ತಿರುಗಿಸಿ ಹೇಳಿದಾಗ ಅವನ ಮುಖ ಕಪ್ಪಿಟ್ಟಿತು. “ನನ್ನ ಮನಿ ಹುಡುಗಿ ಅಷ್ಟೊತ್ತು ಚಿತ್ ಬಿದ್ದಿದ್ಲಾ?” ಅಂದ, ಅಷ್ಟೇ. ಮರುದಿನ ಬೆಳಗ್ಗೆ ಹಿತ್ತಲಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಊಟಕ್ಕೆ ಕರೆಯುತ್ತಿದ್ದ, ಸಂತೆಯಿಂದ ಬೆಲ್ಲದ ಮಿಠಾಯಿ ತರುತ್ತಿದ್ದ, ಕುಸ್ತಿಯ ಮಾತು ಮಾತ್ರ ಎತ್ತುತ್ತಿರಲಿಲ್ಲ. ಮಣ್ಣಿನ ಮೇಲೆ ಅರಳೆ ಬಿದ್ದು ಬಿದ್ದು ಬಿಳಿಯಾಗತೊಡಗಿತು. ಹದಿಮೂರು ವರ್ಷದ ನನಗೆ ಪದಕ ಗಿದಕ ಯಾವುದೂ ಬೇಕಿರಲಿಲ್ಲ. ತಾತ ಮತ್ತೆ ಪಂಚೆ ಎತ್ತಿಕಟ್ಟಿ ಹಿತ್ತಲಿಗೆ ಬರಬೇಕು, “ಬಾ, ಹಿಡಿ” ಅನ್ನಬೇಕು. ಅದಕ್ಕೆ ಮುಂದಿನ ವರ್ಷ ರೇಣುಕಾಳನ್ನು ಗೆಲ್ಲಬೇಕು. ನನ್ನ ವಯಸ್ಸಿನ ಗುಂಪಿನಲ್ಲಿ ಆಡಲು ನನಗೆ ಅದೇ ಕೊನೆಯ ವರ್ಷ.

ಇಲ್ಲಿ ಈರತ್ತೆ ಬರುತ್ತಾಳೆ. ತಾತನ ಹಿರಿಮಗಳು, ನಮ್ಮಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಮೂವತ್ತು ಕುರಿ ಹೊಡೆದುಕೊಂಡು ತವರಿಗೆ ಬಂದವಳು. ಬೆಟ್ಟದ ಬುಡದಲ್ಲಿ ಕುರಿ ಮೇಯಿಸುವುದು, ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುವುದು, ಎಲ್ಲ ಅವಳೇ. ಓಣಿಯ ಹುಡುಗರಿಗೆಲ್ಲ ಕುಸ್ತಿ ಕಲಿಸಿದ ತಾತ ತನ್ನ ಈ ಮಗಳಿಗೆ ಒಂದು ಪಟ್ಟನ್ನೂ ಕಲಿಸಿರಲಿಲ್ಲ. ಅವಳೂ ಕೇಳಿರಲಿಲ್ಲ.

ಒಂದು ಮಧ್ಯಾಹ್ನ ಅವಳು ನಮ್ಮ ದೊಡ್ಡ ಟಗರಿನ ಉಣ್ಣೆ ಕತ್ತರಿಸುತ್ತಿದ್ದಳು. ಕಾಲಿಗೆ ಕಟ್ಟಿದ ಹಗ್ಗ ಜಾರಿತು. ಟಗರು ಎಗರಿ ಅವಳನ್ನು ಕೆಡವಿ ಅವಳ ಎದೆಯ ಮೇಲೆಯೇ ಅಡ್ಡಬಿತ್ತು. ನಾನು ಕಿರುಚಿ ಅದರ ಕೋಡು ಹಿಡಿಯಲು ಓಡಿದೆ. “ಮುಟ್ಟಬ್ಯಾಡ, ಸುಮ್ನಿರು,” ಅಂದಳು ಕೆಳಗಿನಿಂದ, ಒಲೆಯ ಮುಂದೆ ಕೂತವಳ ಹಾಗೆ ತಣ್ಣಗೆ. ಮೊದಲು ಕತ್ತರಿಯನ್ನು ದೂರ ಎಸೆದಳು. ಆಮೇಲೆ ಸೊಂಟವನ್ನು ಒಂಚೂರು ಸರಿಸಿ ಮಗ್ಗುಲಾದಳು. ಟಗರಿನ ಒಂದು ಕಡೆಯ ಮುಂಗಾಲನ್ನು ಕೈಯಲ್ಲಿ ಎದೆಗೆ ಅವುಚಿಕೊಂಡಳು, ಅದೇ ಕಡೆಯ ಹಿಂಗಾಲಿಗೆ ತನ್ನ ಪಾದ ಅಡ್ಡ ಕೊಟ್ಟಳು. ಅದು ಮುಂದಕ್ಕೆ ನುಗ್ಗಿದಾಗ ಸೊಂಟ ಎತ್ತಿ ಆ ಕಡೆಗೇ ಹೊರಳಿದಳು. ಊರಲು ಕಾಲಿಲ್ಲದ ಟಗರು ತನ್ನ ಭಾರಕ್ಕೇ ಮಗುಚಿ ಬಿತ್ತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದು ಅಂಗಾತ, ಅತ್ತೆ ಮೇಲೆ. ಬೆನ್ನು ನೆಲಕ್ಕೆ ಹತ್ತಿದ್ದೇ ಆ ರಾಕ್ಷಸ ಟಗರು ನಾಲ್ಕೂ ಕಾಲು ಆಕಾಶಕ್ಕೆ ಮಾಡಿ ಸುಮ್ಮನಾಯಿತು.

“ನೋಡಿದೇನು? ಬೆನ್ನು ಬಿತ್ತಂದ್ರ ಕುರಿ ಹಿಂಗ ಸುಮ್ಮನಾಗ್ತೈತಿ,” ಅಂದಳು ಅತ್ತೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. “ನೀನು ಕುರಿ ಅಲ್ಲಲ್ಲ. ನೀ ಯಾಕ ಸುಮ್ಮನಾದಿ?”

ಅವತ್ತೇ ಶುರುವಾಯಿತು. ತಾತ ದಿನಾ ಮೂರು ಗಂಟೆಗೆ ಮಿಲ್ಲಿನ ಗೇಟಿನ ಮುಂದಿನ ಚಹಾದಂಗಡಿಗೆ ಹೋಗಿ ಐದಕ್ಕೆ ಬರುತ್ತಿದ್ದ. ಆ ಎರಡು ತಾಸು ನಮ್ಮದು. ಗರಡಿಯ ಮಣ್ಣನ್ನು ಬೆನ್ನಿನಿಂದ ಮೈಲಿಗೆ ಮಾಡುವುದು ಬೇಡವೆಂದು ಅತ್ತೆ ಅದರ ಪಕ್ಕದಲ್ಲಿ ಕಂಬಳಿ ಹಾಸಿದಳು. ನನ್ನನ್ನು ಅಂಗಾತ ಮಲಗಿಸಿ ಎದೆಯ ಮೇಲೆ ಬಂದು ಕೂತಳು. ಅಯ್ಯೋ ದೇವರೇ, ಆ ಭಾರ. ಮೊದಲ ವಾರ ನಾನು ಮಾಡಿದ್ದೆಲ್ಲ ತಪ್ಪೇ. ಎರಡೂ ಕೈ ಚಾಚಿ ಅವಳನ್ನು ಮೇಲಕ್ಕೆ ದೂಡುತ್ತಿದ್ದೆ; ಅವಳು ಚಾಚಿದ ಕೈಯನ್ನೇ ಹಿಡಿದು ತಿರುಚಿ, “ಈಗ ಕೈನೂ ಹೋತು, ಏನ್ ಮಾಡ್ತಿ?” ಎಂದು ನಗುತ್ತಿದ್ದಳು. ಮುಖ ಆ ಕಡೆ ತಿರುಗಿಸಿ ಉಸಿರು ಕಟ್ಟಿ ಒದ್ದಾಡುತ್ತಿದ್ದೆ. “ಮೊಳಕೈ ಪಕ್ಕಿಗೆ ಹೊಲ್ದಂಗ ಇರ್ಲಿ. ಮೊದ್ಲು ಉಸ್ರಾಡು. ಕೆಳಗ ಬಿದ್ದೋರಿಗೆ ಅವಸರ ಇರಬಾರ್ದು, ಅವಸರ ಮ್ಯಾಲಿದ್ದೋರಿಗೆ,” ಅನ್ನುತ್ತಿದ್ದಳು.

ಮಗ್ಗುಲಾಗಿ ಸೊಂಟ ಹಿಂದಕ್ಕೆ ಸರಿಸಿ ಸಂದು ಮಾಡಿಕೊಳ್ಳುವುದೊಂದನ್ನೇ ಹದಿನೈದು ದಿನ ಮಾಡಿಸಿದಳು. ಕಂಬಳಿಯ ಈ ಅಂಚಿನಿಂದ ಆ ಅಂಚಿಗೆ ಬೆನ್ನ ಮೇಲೆ ತೆವಳಿ ತೆವಳಿ ನನ್ನ ಮೊಳಕೈಯ ಚರ್ಮ ಹೋಯಿತು. ಆ ಸಂದಿಯಲ್ಲಿ ಮೊಣಕಾಲು ತೂರಿಸಿದರೆ ಎದೆಯ ಭಾರ ಅರ್ಧ ಇಳಿಯುತ್ತದೆ ಎಂದು ಗೊತ್ತಾದ ದಿನ ನಾನು ಹುಚ್ಚಿಯ ಹಾಗೆ ಕೂಗಿದೆ. ಕುರಿಗಳು ಬೆದರಿ ಮೂಲೆಗೆ ಓಡಿದವು. ಆಮೇಲೆ ಮಗುಚುವ ಪಾಠ. ಒಂದೇ ಕಡೆಯ ಕೈ, ಅದೇ ಕಡೆಯ ಕಾಲು, ಎರಡನ್ನೂ ಕಟ್ಟಿಹಾಕಿ ಆ ಕಡೆಗೆ ಕೆಡವುವುದು. ಕೈ ಹಿಡಿದು ಕಾಲು ಬಿಟ್ಟರೆ ಅವಳು ಕಾಲು ಊರಿ ಕೂತೇ ಇರುತ್ತಿದ್ದಳು. ಎರಡೂ ಹಿಡಿದು ಸೊಂಟವನ್ನು ನೆಟ್ಟಗೆ ಮೇಲಕ್ಕೆ ಎತ್ತಿದರೆ ಉಯ್ಯಾಲೆ ಆಡಿದಂತೆ ಆಡಿ ಮತ್ತೆ ಧೊಪ್ಪೆಂದು ಕೂರುತ್ತಿದ್ದಳು. “ನೆಟ್ಟಗ ಅಲ್ಲ, ಹೆಗಲ ಮ್ಯಾಲಿಂದ. ನೀ ನೋಡೋ ಕಡಿಗೆ ಎತ್ತು,” ಅಂದಳು. ಎತ್ತಿದೆ. ಎಂಬತ್ತು ಕಿಲೋದ ಅತ್ತೆ ಸೀರೆ ಸಮೇತ ಉರುಳಿ ಕೆಮ್ಮಣ್ಣಿಗೆ ಬಿದ್ದಳು. ಎದ್ದು ಬೈಯುತ್ತಾಳೆ ಅಂದುಕೊಂಡರೆ ಬಿದ್ದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕೊನೆಗೆ ಕಲಿಸಿದ್ದು ಮೋಸದ ಪಾಠ. ಬುದ್ಧಿಯಿರುವ ಟಗರು ಒಂದು ಕಡೆ ಎಳೆದರೆ ಇನ್ನೊಂದು ಕಡೆಗೆ ಜಗ್ಗುತ್ತದೆ, ಆಗ ಅದು ಜಗ್ಗಿದ ಕಡೆಗೇ ಬಿಡಬೇಕಂತೆ. “ಎಡಕ್ಕ ಕೆಡವ್ತೀನಂತ ಆಕಿಗೆ ನಂಬಸು. ಆಕಿ ಬಲಕ್ಕ ಜೀಕ್ತಾಳಲ್ಲ, ಆವಾಗ ಬಲಕ್ಕ ಹೋಗು. ಆಕಿ ಭಾರನ ಆಕಿನ್ನ ಒಯ್ತೈತಿ.” ಇದನ್ನು ಮೂರು ತಿಂಗಳು ಮಾಡಿದೆವು. ರೇಣುಕಾ ಕನಸಿನಲ್ಲಿ ಬಂದು ಎದೆಯ ಮೇಲೆ ಕೂತರೂ ನನ್ನ ಪಾದ ತಾನಾಗಿ ಅವಳ ಪಾದ ಹುಡುಕುತ್ತಿತ್ತು.

ಮರುವರ್ಷದ ಆಯ್ಕೆಗೆ ಹುಡುಗಿಯರ ಜೊತೆ ಮನೆಯ ಹಿರಿಯರೊಬ್ಬರು ಬರಲೇಬೇಕೆಂದು ಮೇಡಂ ಹೇಳಿದರು. ಅಪ್ಪನಿಗೆ ಮಿಲ್ಲಿನಲ್ಲಿ ಹತ್ತಿಯ ಕಾಲ, ಒಂದು ದಿನವೂ ಬಿಡುವಂತಿಲ್ಲ. ಅತ್ತೆಯ ಕುರಿ ಈಯುತ್ತಿದ್ದವು. ಉಳಿದವನು ತಾತ. ಬಿಳಿ ರುಮಾಲು ಸುತ್ತಿ, ಒಗೆದ ಪಂಚೆ ಉಟ್ಟು, ನನ್ನ ಜೊತೆ ಕರ್ನೂಲಿನ ಬಸ್ಸು ಹತ್ತಿದ. ಸಭಾಂಗಣದಲ್ಲಿ ಮೇಲಿನ ಮೆಟ್ಟಿಲಿನ ಮೇಲೆ ನೆಟ್ಟಗೆ ಕೂತ. ನನಗೆ ಚಾಪೆಗಿಂತ ಹೆಚ್ಚಾಗಿ ಆ ಬಿಳಿ ರುಮಾಲೇ ಕಾಣುತ್ತಿತ್ತು.

ರೇಣುಕಾ ಮತ್ತೂ ಬೆಳೆದಿದ್ದಳು. ನನ್ನನ್ನು ನೋಡಿ ನಕ್ಕಳು, ಹಳೆಯ ಕಥೆ ಅವಳಿಗೂ ನೆನಪಿತ್ತು. ಒಂದು ನಿಮಿಷ ಹಿಡಿತಕ್ಕಾಗಿ ಎಳೆದಾಡಿದೆವು. ಆಮೇಲೆ ಅದೇ ಕಾಲು, ಅದೇ ಕೊಕ್ಕೆ, ನಾನು ಅದೇ ರೀತಿ ಬಿದ್ದೆ. ಬೆನ್ನು ಚಾಪೆಗೆ ಹತ್ತಿತು. ಬೀಳುತ್ತಲೇ ಮೇಲೆ ನೋಡಿದೆ. ತಾತ ಎದ್ದು ನಿಂತು ಮುಖ ತಿರುಗಿಸಿ ಬಾಗಿಲ ಕಡೆ ಹೊರಟಿದ್ದ.

ಆದರೂ ಅತ್ತೆಯ ಮಾತಿನಂತೆ ಮೊದಲು ಉಸಿರಾಡಿದೆ. ರೇಣುಕಾ ಎದೆಯ ಮೇಲೆ ಹತ್ತಿ ಕೂತಳು. ಎಣಿಕೆ ಶುರುವಾಯಿತು. ಮೊಳಕೈ ಪಕ್ಕೆಗೆ ತಂದೆ, ಮಗ್ಗುಲಾದೆ. ಎಡಗಡೆಯ ತೋಳನ್ನು ಅವುಚಿಕೊಂಡು ಎಡಕ್ಕೆ ಎತ್ತಿದೆ. ಅವಳು ಗಟ್ಟಿ, ಕದಲಲಿಲ್ಲ. ಹತ್ತು ಅಂದರು. ಮತ್ತೆ ಎಡಕ್ಕೆ, ಇನ್ನೂ ಜೋರಾಗಿ, ಹಲ್ಲು ಕಚ್ಚಿ. ಈ ಸಲ ಅವಳು ನಂಬಿದಳು. ತಡೆಯಲು ಬಲಕ್ಕೆ ಜೀಕಿದಳು. ಆ ಜೀಕು ನನ್ನ ಎದೆಗೇ ಗೊತ್ತಾಯಿತು, ಕಣ್ಣಿಗೆ ಬೇಕಾಗಲೇ ಇಲ್ಲ. ಬಲಗಡೆಯ ತೋಳು ಹಿಡಿದೆ, ಅದೇ ಕಡೆಯ ಕಾಲಿಗೆ ಪಾದ ಅಡ್ಡ ಕೊಟ್ಟೆ, ಬಲ ಹೆಗಲ ಮೇಲಿನಿಂದ ಎತ್ತಿಬಿಟ್ಟೆ. ಸಭಾಂಗಣದ ದೀಪಗಳು ಒಂದು ಸುತ್ತು ತಿರುಗಿದವು. ನೋಡಿದರೆ ನನ್ನ ಕೆಳಗೆ ಚಾಪೆಯಿಲ್ಲ, ರೇಣುಕಾ ಇದ್ದಾಳೆ. ತಾತ ಕಲಿಸಿದ್ದ ಮೇಲಿನ ಹಿಡಿತವೆಲ್ಲ ಅಲ್ಲಿ ನನಗಾಗಿ ಕಾದಿತ್ತು. ಎದೆಗೆ ಎದೆ ಅಂಟಿಸಿ, ಕಾಲು ಅಗಲಿಸಿ, ಬಂಡೆಯಂತೆ ಕೂತೆ. ಆದವಾನಿಯ ಹುಡುಗಿಯರು ಒಟ್ಟಾಗಿ ಎಣಿಸುತ್ತಿದ್ದರು, ಮೇಡಂ ಚಪ್ಪಲಿ ಬಿಟ್ಟು ಕುಣಿಯುತ್ತಿದ್ದರು. ಆ ಗದ್ದಲಕ್ಕೆ ತಾತ ಬಾಗಿಲಲ್ಲಿ ತಿರುಗಿ ನಿಂತ. ಇಪ್ಪತ್ತೈದು ಮುಗಿಯುವವರೆಗೂ ಅಲ್ಲೇ ನಿಂತಿದ್ದ.

ಮರಳಿ ಬರುವ ಬಸ್ಸಿನಲ್ಲಿ ಅವನ ಮುಖ ಬೆಳಗುತ್ತಿತ್ತು. ಎಮ್ಮಿಗನೂರಿನಲ್ಲಿ ಬಸ್ಸು ನಿಂತಾಗ ಮಿರ್ಚಿ ಬಜ್ಜಿ ಕೊಡಿಸಿದ. “ಎತ್ತಿ ಹಾಕಿದೇನು? ಯಾವ ಪಟ್ಟು? ನಾ ನೋಡೂದ್ರಾಗ ಮ್ಯಾಲ ಇದ್ದಿ,” ಅಂದ. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಮರುದಿನ ಬೆಳಗ್ಗೆ ಪಂಚೆ ಎತ್ತಿಕಟ್ಟಿ ಬರುತ್ತಿದ್ದ. ಒಂದು ವರ್ಷ ನಾನು ಬಯಸಿದ್ದು ಅದನ್ನೇ. ಆದರೆ ಕೆಮ್ಮಣ್ಣಿನಲ್ಲಿ ಬಿದ್ದು ನಗುತ್ತಿದ್ದ ಅತ್ತೆ ಕಣ್ಣ ಮುಂದೆ ಬಂದಳು.

“ಎತ್ತಿ ಹಾಕ್ಲಿಲ್ಲ ತಾತ. ಚಿತ್ ಬಿದ್ದಿದ್ದೆ. ಕೆಳಗಿಂದ ಮಗುಚಿದೆ. ಅತ್ತಿ ಕಲ್ಸಿದ್ಲು.”

ಅವನ ಕೈಯಲ್ಲಿದ್ದ ಬಜ್ಜಿ ಅರ್ಧಕ್ಕೇ ನಿಂತಿತು. ಅದನ್ನು ಕಾಗದದಲ್ಲಿ ಸುತ್ತಿ ನನ್ನ ಮಡಿಲಿಗಿಟ್ಟು ಕಿಟಕಿಯ ಕಡೆ ತಿರುಗಿದ. ನಾನು ಗೆದ್ದ ದಿನವೇ ಅತ್ತು ಮಲಗಿದೆ.

ಬೆಳಗ್ಗೆ ಹಿತ್ತಲಿನಲ್ಲಿ ಸದ್ದಾಯಿತು. ತಾತ ಕಂಬಳಿಯನ್ನು ಝಾಡಿಸಿ ಹಾಸುತ್ತಿದ್ದ. ಅತ್ತೆ ಕುರಿಮರಿ ಹಿಡಿದುಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ತಾತ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದ. ಕಂಬಳಿಯ ಮೇಲೆ ಕೂತ. ಒಂದು ಕೈ ಊರಿ, ಇನ್ನೊಂದು ಊರಿ, ಆ ದೊಡ್ಡ ಹೆಗಲುಗಳನ್ನು ಒಂದೊಂದಾಗಿ ಕೆಳಗಿಳಿಸಿ, ಅಂಗಾತ ಮಲಗಿದ.

“ಈರಿ,” ಅಂದ ಆಕಾಶ ನೋಡುತ್ತ. “ನಿಂಗ ನಾ ಏನೂ ಕಲಿಸ್ಲಿಲ್ಲ. ನೀನರ ಕಲಿಸು.”

ಅತ್ತೆ ಮರಿಯನ್ನು ಕೆಳಗೆ ಬಿಟ್ಟಳು. ಆಮೇಲೆ ನನ್ನ ಕಡೆ ಕೈಮಾಡಿ, “ಕೂಡು, ತಾತನ ಎದಿ ಮ್ಯಾಲ ಕೂಡು,” ಅಂದಳು. ಕೂತೆ. “ಅಪ್ಪ, ಮೊಳಕೈ ಪಕ್ಕಿಗೆ ತಗೋ. ಅವಸರ ಮಾಡಬ್ಯಾಡ. ಉಸ್ರಾಡು.” ಆ ಮುದುಕ ಒಳ್ಳೆಯ ಶಿಷ್ಯನ ಹಾಗೆ ಉಸಿರಾಡಿದ. ನನ್ನ ಕೈ ಹಿಡಿದ, ಪಾದ ಹಿಡಿದ. ಹಮಾಲಿಯ ಸೊಂಟ ಅದು. ಎತ್ತಿದ್ದೇ ನಾನು ಗಾಳಿಯಲ್ಲಿ ಹಾರಿ ತೊಟ್ಟಿಯ ಹತ್ತಿರ ಹೋಗಿ ಬಿದ್ದೆ. ತಾತ ಎದ್ದು ಕೂತು ತನ್ನ ಎರಡೂ ಕೈಗಳನ್ನು ನೋಡಿಕೊಂಡ. “ಎಪ್ಪತ್ತು ವರ್ಷ ಇದು ಗೊತ್ತಿಲ್ದಂಗ ಸೋತೀನಲ್ಲೇ,” ಅಂದ. “ಇನ್ನೊಮ್ಮೆ. ಈಗ ಎಡಕ್ಕ.”

ಅದಾದ ಮೇಲೆ ನಮ್ಮ ಮನೆಗೆ ಒಂದು ಹೊಸ ಸದ್ದು ಬಂತು, ತಾತನ ಗೊರಕೆ. ಮಧ್ಯಾಹ್ನ ಪಡಸಾಲೆಯಲ್ಲಿ ಅದೇ ಕಂಬಳಿಯ ಮೇಲೆ ಬೆನ್ನು ಹಚ್ಚಿ ಮಲಗುತ್ತಿದ್ದ. ಇಷ್ಟು ವರ್ಷ ಮಗ್ಗುಲಲ್ಲಿ ಅಡಗಿದ್ದ ಗೊರಕೆಯೆಲ್ಲ ಒಮ್ಮೆಗೇ ಹೊರಬಿದ್ದು ಹತ್ತಿ ಮಿಲ್ಲಿನ ಸದ್ದನ್ನೂ ಮೀರಿಸುತ್ತಿತ್ತು. ಅಪ್ಪ ಕಿವಿಗೆ ಅರಳೆ ಇಟ್ಟುಕೊಂಡು ಬೈದುಕೊಳ್ಳುತ್ತಿದ್ದ. ನನಗೆ ಆ ಸದ್ದು ಕೇಳಿದರೆ ಸುಖವಾಗಿ ನಿದ್ದೆ ಬರುತ್ತಿತ್ತು.

ಆರು ವರ್ಷದ ಮೇಲೆ ಒಂದು ಮಧ್ಯಾಹ್ನ ಗೊರಕೆ ನಿಂತಿತು. ಮೊದಲು ಗಮನಿಸಿದವಳು ಕೊಟ್ಟಿಗೆಯಲ್ಲಿದ್ದ ಅತ್ತೆ. ಹಳೆಯ ಶಿಷ್ಯರು ಸೈಕಲ್ಲು ಮೋಟರು ಹತ್ತಿ ಓಡಿಬಂದರು. ಅಂಗಾತ ಮಲಗಿದ್ದವನನ್ನು ಕಂಡು ಒಬ್ಬ ದಿಗಿಲುಬಿದ್ದು, “ಉಸ್ತಾದ್ ಹಿಂಗ ಮಲಗೋರಲ್ಲ, ಮಗ್ಗುಲ ಮಾಡ್ರಿ,” ಎಂದು ದಿಂಬು ತರಲು ಹೋದ. ಅತ್ತೆ ಕೈ ಅಡ್ಡ ಹಿಡಿದಳು. “ಇರ್ಲಿ ಬಿಡ್ರಿ. ಅಪ್ಪ ಈಗ ಹಿಂಗೇ ಮಲಗ್ತಾನ.”

ಮುಂದಿನದೆಲ್ಲ ಬೇಗ ಬೇಗ ಆಯಿತು. ಅತ್ತೆ ಕುರಿ ಮಾರಿದಳು, ಎರಡು ವರ್ಷದಲ್ಲಿ ತಾನೂ ಹೋದಳು. ಮಿಲ್ಲು ಬೆಳೆದು ನಮ್ಮ ಓಣಿಯನ್ನು ತೆಗೆದುಕೊಂಡಿತು. ಹಿತ್ತಲಿದ್ದ ಜಾಗದಲ್ಲಿ ಈಗ ಹತ್ತಿಕಾಳಿನ ಗೋದಾಮು. ಆ ಕಂಬಳಿ ಯಾರ ಕೈ ಸೇರಿತೋ ನನಗೆ ತಿಳಿಯದು.

ತಾತ ತೀರಿಕೊಂಡ ದಿನ ನಾನು ಮಾಡಿದ್ದನ್ನು ಯಾರಿಗೂ ಹೇಳಿರಲಿಲ್ಲ. ಅವನ ಪಾದದ ಹತ್ತಿರ ಕೂತು ಮನಸ್ಸಿನಲ್ಲೇ ಎಣಿಸಿದೆ, ನಿಧಾನವಾಗಿ, ಒಂದೂ ಬಿಡದೆ. ಹತ್ತರಲ್ಲಿ ಮಗ್ಗುಲಾಗಬಹುದು ಅನ್ನಿಸಿತು. ಇಪ್ಪತ್ತರಲ್ಲಿಯೂ ಅನ್ನಿಸಿತು. ಇಪ್ಪತ್ತೈದು ಮುಗಿದ ಮೇಲೆ ಎದ್ದು, ಅವನ ಕೈಯನ್ನು ನನ್ನ ಕೈಯಲ್ಲಿ ಹಿಡಿದು ಕುಲುಕಿದೆ. ಹಿತ್ತಲಿಗೆ ಹೋಗಿ ಒಂದು ಚಿಟಿಕೆ ಮಣ್ಣು ತಂದು ಹಣೆಗೆ ಹಚ್ಚಿಕೊಂಡೆ.